ಇಲ್ಲೊಂದು ನಿಮ್ಮ ಮನೆ ಇದೆ

ಕೆಂಪು ಚಪ್ಪಲಿ, ಹಿಮ್ಮಡಿಯ ಪಟ್ಟಿಗೆ ಚಿನ್ನದ ಬಣ್ಣದ ಗುಂಡಿ, ಟಕ್ ಟಕ್ ಎಂದು ಕಲ್ಲುಹಾಸಿನ ಮೇಲೆ ಮುಂದೆ ಹೋಗುತ್ತಲೇ ಇದೆ, ಹೊಸದಿರಬೇಕು, ಅಡಿಯಲ್ಲಿ ಬೆಲೆಚೀಟಿ ಇನ್ನೂ ಅಂಟಿಕೊಂಡಿದೆ, ಹೇಳಬೇಕೋ ಬೇಡವೋ, ಹೇಳಿದರೆ ಸಿಡುಕುತ್ತಾಳೆ, ಎರ್ಲಿಂದಾಗೆ ಚಿಕ್ಕಂದಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ, ಇವತ್ತೊಂದು ದಿನ ಅವಳಿಗೆ ಸಿಟ್ಟು ಬರಬಾರದು, ಇವತ್ತು ಅವಳು ನಗುತ್ತಿರಬೇಕು, ನಗುವ ಹೊತ್ತು ನೋಡಿ ಕೇಳಿಬಿಡಬೇಕು – ಬನ್ನಿ ಕೊಮಾದ್ರೆ, ಯಾಕೆ ಹಿಂದೆ ಬೀಳ್ತೀರಿ, ನಿಮ್ಮ ಊರು ತೆವಾಕಾನಿನ ಗಾಳಿ ಕಾಲಿಗೆ ಮುಪ್ಪು ತರ್ತದಾ ಹೇಗೆ. ಬಂದೆ ಕೊಮಾದ್ರೆ, ಬಂದೆ. ಕೊಮಾದ್ರೆ. ಒತೀಲಿಯಾ ಎರ್ಲಿಂದಾಳ ಹೆಣ್ಣುಮಗುವಿಗೆ ಜ್ಞಾನಸ್ನಾನದ ದಿನ ದೇವತಾಯಿಯಾಗಿ ನಿಂತು ಇಪ್ಪತ್ಮೂರು ವರ್ಷ, ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಅವತ್ತಿನಿಂದ ಇಬ್ಬರ ನಡುವೆ ನೀವು. ಅದಕ್ಕೆ ಮುಂಚೆ ನೀನು, ಅದಕ್ಕೆ ಮುಂಚೆ ಹೋಗೇ ಬಾರೇ, ಒಂದೇ ಹೊಳೆಯಲ್ಲಿ ಬಟ್ಟೆ ಒಗೆದು, ಒಂದೇ ಹುಡುಗನ ಹಿಂದೆ ಇಬ್ಬರೂ ಬಿದ್ದು, ಅವನು ಮೂರನೆಯವಳನ್ನು ಕಟ್ಟಿಕೊಂಡಾಗ ಒಂದೇ ಮರದ ಕೆಳಗೆ ಕೂತು ಅತ್ತವರು. ಪಾದ್ರಿ ಮಗುವಿನ ತಲೆಗೆ ನೀರು ಹಾಕಿದ್ದೇ ತಡ, ಊರಿನ ಪದ್ಧತಿಯಂತೆ ನಾಲಿಗೆ ತಾನಾಗಿ ನೀವು ಎಂದಿತು, ಗೌರವ ಹೆಚ್ಚಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಆ ಮಗು ಯಾದಿರಾ ಈಗ ಮದುವೆಯಾಗಿ ಕೆರೆತಾರೋ ಊರಲ್ಲಿದ್ದಾಳೆ, ಅವಳ ಕೋಣೆ ಖಾಲಿ ಇದೆ, ಹೊಲಿಗೆ ಯಂತ್ರ ಒಂದಿದೆಯಂತೆ, ಮಂಚ ಇದೆಯಂತೆ, ಫೋನಿನಲ್ಲಿ ಎರ್ಲಿಂದಾಳೇ ಹೇಳಿದ್ದು. ಕೇಳಬೇಕಾದದ್ದು ಇಷ್ಟೇ, ಆ ಕೋಣೆಯಲ್ಲಿ ನಾನು ಇರಲೇ. ನಾಲ್ಕು ಪದ. ಬೆಳಿಗ್ಗೆ ಬಸ್ಸಿನಲ್ಲಿ ಎರಡು ಗಂಟೆ ಹೊತ್ತು ತುಟಿಯೊಳಗೇ ಉರು ಹೊಡೆದದ್ದು, ಪಕ್ಕದಲ್ಲಿ ಕೂತ ಹೆಂಗಸು ಜಪ ಮಾಡುತ್ತಿದ್ದಾಳೆ ಎಂದುಕೊಂಡು ಗೌರವದಿಂದ ಮೊಣಕೈ ಸರಿಸಿಕೊಂಡಿದ್ದಳು.

ಪ್ವೆಬ್ಲಾದ ಸಾಲು ಅಂಗಡಿಗಳ ಇಟ್ಟಿಗೆ ಕಮಾನಿನ ಕೆಳಗೆ ನೀಲಿ ಬಿಳಿ ಪಿಂಗಾಣಿ, ತಟ್ಟೆ, ಕಪ್ಪು, ಕೋಳಿ, ಸೂರ್ಯನ ಮುಖ, ಎಲ್ಲ ಬಿಸಿಲಿಗೆ ಹಲ್ಲು ಕಿರಿಯುತ್ತಿವೆ, ಎರ್ಲಿಂದಾ ಒಂದೊಂದನ್ನೂ ಎತ್ತಿ ಬೆರಳಿನಿಂದ ಟಣ್ ಎನ್ನಿಸಿ ಕಿವಿಗಿಟ್ಟು ನೋಡುತ್ತಾಳೆ, ಇದು ಬಿರುಕು, ಇದು ಬಿರುಕು, ನೋಡಿ ಕೊಮಾದ್ರೆ ಇದು ಮಾತ್ರ ಗಟ್ಟಿ. ಒತೀಲಿಯಾ ಹೂಂ ಎನ್ನುತ್ತಾಳೆ. ಪೆಟ್ಟಿಗೆ ಬಸ್ ನಿಲ್ದಾಣದ ಸಾಮಾನು ಕೋಣೆಯಲ್ಲಿದೆ, ಜೊತೆಗೆ ಬಾಳಿದ ನಬೋರನ ಕಂದು ಪೆಟ್ಟಿಗೆ, ಬೀಗ ಕೆಟ್ಟಿದೆ, ಹಗ್ಗ ಬಿಗಿದಿದೆ, ಅದರ ರಸೀತಿ ಚೀಟಿ ರವಿಕೆಯೊಳಗೆ ಬೆವರಿಗೆ ಮೆತ್ತಗಾಗುತ್ತಿದೆ. ಪೆಟ್ಟಿಗೆ ಹಿಡಿದುಕೊಂಡೇ ಹೋಗಿ ಎದುರಿಗೆ ನಿಂತರೆ ಕೇಳಿದಂತಲ್ಲ, ಮೇಲೆ ಬಿದ್ದಂತೆ ಎಂದು ಅವಳೇ ಬುದ್ಧಿವಂತಿಕೆ ಮಾಡಿ ಅಲ್ಲಿಟ್ಟು, ಕೈಚೀಲ ಒಂದನ್ನೇ ತೂಗಾಡಿಸಿಕೊಂಡು ಚೌಕಕ್ಕೆ ಬಂದಳು, ಬಂದು ನಿಂತವಳನ್ನು ನೋಡಿ ಎರ್ಲಿಂದಾ ಎರಡೂ ಕೆನ್ನೆ ಹಿಡಿದು, ಒಂದು ದಿನ ಅಂತಾದ್ರೂ ಬಂದ್ರಲ್ಲ, ಸಾಕು, ಇವತ್ತು ಮನೆ ಗಿನೆ ಏನಿಲ್ಲ, ಪೇಂಟ್ ಹೊಡೀತಿದಾರೆ, ಕೂತ್ರೆ ತಲೆನೋವು, ಊರು ಸುತ್ತೋಣ, ತಿನ್ನೋಣ, ರಾಣಿಯರ ಹಾಗೆ. ಒಂದು ದಿನ. ಯಾರು ಹೇಳಿದರು ಒಂದು ದಿನ ಎಂದು. ಫೋನಿನಲ್ಲಿ ಒತೀಲಿಯಾ ಗುರುವಾರ ಬರ್ತೀನಿ ಅಂದಳು ಅಷ್ಟೇ, ಬರ್ತೀನಿ ಅಂದರೆ ಬರ್ತೀನಿ, ಹೋಗುವ ಮಾತು ಯಾರು ಎತ್ತಿದರು. ಅದಕ್ಕೂ ಮುಂಚೆ, ನಬೋರನ ಮಣ್ಣಿಗೆ ಬಂದಾಗ ಎರ್ಲಿಂದಾ ತಬ್ಬಿಕೊಂಡು ಕಿವಿಯಲ್ಲಿ ಹೇಳಿದ್ದು – ಧೈರ್ಯ ತಗೊಳ್ಳಿ ಕೊಮಾದ್ರೆ, ಪ್ವೆಬ್ಲಾದಲ್ಲಿ ಒಂದು ನಿಮ್ಮ ಮನೆ ಇದೆ. ಆ ಮಾತನ್ನು ಎಂಟು ತಿಂಗಳು ಕಣ್ಣಿಗೊತ್ತಿಕೊಂಡು ಇಟ್ಟುಕೊಂಡಿದ್ದಾಳೆ. ಆ ಮಾತನ್ನು ನಂಬಿ ಹಗ್ಗ ಬಿಗಿದಿದ್ದಾಳೆ.

ನಗು ಬರಬೇಕು, ಬರುತ್ತಿಲ್ಲ. ಕೋಳಿ ಫಾರಮ್ಮಿಗೆ ಯಂತ್ರ ಕೂರಿಸಲು ಬಂದಿದ್ದ ಆ ಗ್ರಿಂಗೋ ಎಂಜಿನಿಯರು, ಅಮೆರಿಕದವನು, ಬಿಳಿ ರೆಪ್ಪೆಯವನು, ಪಾಪ, ನಬೋರ ಅವನಿಗೆ ಭಾನುವಾರ ಮಧ್ಯಾಹ್ನ ಎರಡಕ್ಕೆ ನಿಮ್ಮ ಮನೇಲಿ ಊಟ, ಕಾಯ್ತಿರ್ತೀವಿ ಅಂದ. ನಮ್ಮ ಮನೆ ಅನ್ನುವುದುಂಟೇ, ಯಾರಾದರೂ ಮರ್ಯಾದಸ್ಥರು ನಮ್ಮ ಮನೆ ಅನ್ನುತ್ತಾರೆಯೇ, ನಿಮ್ಮ ಮನೆ ಎಂದರೆ ನಮ್ಮ ಮನೆ, ಎಳೆ ಕೂಸಿಗೂ ಗೊತ್ತು. ಅವನು ತನ್ನ ಬಾಡಿಗೆ ಮನೆ ಗುಡಿಸಿ, ಹೂ ತಂದಿಟ್ಟು, ಡಬ್ಬಿ ಮೀನು ಬಿಸಿ ಮಾಡಿ, ಅಯ್ಯೋ ಇವರೇ ಊಟಕ್ಕೆ ಬರ್ತಾರಲ್ಲ ಎಂದು ಎರಡರಿಂದ ಆರರವರೆಗೆ ಬಾಗಿಲಲ್ಲಿ ನಿಂತಿದ್ದ, ಇಲ್ಲಿ ಇವರು ಎರಡರಿಂದ ಆರರವರೆಗೆ ಮಸಾಲೆ ಕೋಳಿ ಮುಚ್ಚಿಟ್ಟುಕೊಂಡು ಕೂತಿದ್ದರು. ಎಷ್ಟು ವರ್ಷ ನಕ್ಕರು ಅದಕ್ಕೆ, ನಬೋರ ಕೆಮ್ಮು ಬರುವ ತನಕ ನಗುತ್ತಿದ್ದ, ನಂಬಿಬಿಟ್ಟ ನೋಡೇ, ತನ್ನ ಮನೆ ಅಂತಲೇ ನಂಬಿಬಿಟ್ಟ. ಒತೀಲಿಯಾ ತಾನೇ ಎಷ್ಟು ಸಾವಿರ ಸಲ ಅಂದಿಲ್ಲ, ಬಂದ ಹಾಲಿನವಳಿಗೆ, ಗ್ಯಾಸಿನವನಿಗೆ, ಜನಗಣತಿಗೆ ಬಂದ ಹುಡುಗಿಗೆ, ಬನ್ನಿ ಒಳಗೆ, ನಿಮ್ಮದೇ ಮನೆ. ಇಪ್ಪತ್ತಾರು ವರ್ಷ ಧಾರಾಳವಾಗಿ ಊರಿಗೆಲ್ಲ ಕೊಟ್ಟಳು. ಕೊಡಲು ಅದು ಅವಳದಾಗಿರಲಿಲ್ಲ. ಮನೆ ನಬೋರನ ಹೆಸರಲ್ಲಿ, ನಬೋರ ಒರಿಸಾಬಾದಲ್ಲಿದ್ದ ತನ್ನ ಹೆಂಡತಿಯ ಹೆಸರಲ್ಲಿ, ಚರ್ಚಿನಲ್ಲೂ ಕಚೇರಿಯಲ್ಲೂ ಅವಳೇ ಹೆಂಡತಿ, ಕೊನೆಯ ತನಕ ಬಿಡುಗಡೆಯ ಕಾಗದ ಆಗಲಿಲ್ಲ, ಆಗ್ತದೆ ಆಗ್ತದೆ ಅಂದ, ಆಮೇಲೆ ಅನ್ನುವುದನ್ನೂ ಬಿಟ್ಟ. ಆ ಹೆಂಡತಿಯ ಮಗ ಎಫ್ರೇನ್ ಒಳ್ಳೆಯವನು, ದನಿ ಎತ್ತಲಿಲ್ಲ, ದೋನ್ಯಾ ಒತೀಲಿಯಾ ಅವಸರ ಏನಿಲ್ಲ, ಗುರುವಾರದ ತನಕ ಇರಿ ಅಂದ, ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಇವತ್ತು ಬೆಳಿಗ್ಗೆ ಏಳಕ್ಕೇ ಬೀಗದವನು ಬಂದ, ಬೀದಿಬಾಗಿಲಿನ ಹಳೆ ಬೀಗ ಕಳಚಿದ, ಹೊಸದು ತರಲು ಸೈಕಲ್ ಹತ್ತಿ ಹೋದ, ಒತೀಲಿಯಾ ಪೆಟ್ಟಿಗೆ ಹೊರಗಿಟ್ಟು ಅಭ್ಯಾಸದಂತೆ ಬಾಗಿಲೆಳೆದುಕೊಂಡಳು, ಬೀಗ ಇದ್ದ ಜಾಗದಲ್ಲಿ ಬಾಗಿಲಿನಲ್ಲಿ ಒಂದು ದುಂಡನೆ ತೂತು, ತೂತಿನೊಳಗೆ ಅಂಗಳದ ಬಿಸಿಲು, ಬಿಸಿಲಲ್ಲಿ ತಂತಿಯ ಮೇಲೆ ಅವಳ ಏಪ್ರನ್, ಚೌಕಳಿಯದು, ನಿನ್ನೆ ಒಗೆದು ಹಾಕಿದ್ದು, ಮರೆತಿದ್ದು. ತಳ್ಳಿದರೆ ಬಾಗಿಲು ತೆರೆಯುತ್ತಿತ್ತು. ತಳ್ಳಲಿಲ್ಲ.

ಕೊಮಾದ್ರೆ ಎಲ್ಲಿದೀರಿ, ಮೆಣಸಿನಕಾಯಿ ಆರಿಹೋಗ್ತಿದೆ. ಇದು ಆರಿಸಿಯೇ ತಿನ್ನೋದಲ್ವಾ ಕೊಮಾದ್ರೆ. ಓಹೋ, ಬಾಯಿ ಇದೆ ಹಾಗಾದ್ರೆ, ಬೆಳಗಿಂದ ಮೌನವ್ರತ ಅಂದ್ಕೊಂಡಿದ್ದೆ. ಹೋಟೆಲಿನ ತಟ್ಟೆಯಲ್ಲಿ ಹೂರಣ ತುಂಬಿದ ದೊಡ್ಡ ಹಸಿರು ಮೆಣಸಿನಕಾಯಿ, ಮೇಲೆ ಅಕ್ರೋಡಿನ ಬಿಳಿ ಸಾರು, ಮೇಲೆ ಕೆಂಪು ದಾಳಿಂಬೆ ಕಾಳು, ಸೆಪ್ಟೆಂಬರ್ ತಿಂಗಳಲ್ಲಿ ದೇಶದ ಬಾವುಟವನ್ನು ತಟ್ಟೆಯಲ್ಲಿಟ್ಟು ತಿನ್ನುವುದು, ಹೊರಗೆ ಗಾಡಿಯವನು ಸಣ್ಣ ಬಾವುಟ ದೊಡ್ಡ ಬಾವುಟ ಮೀಸೆ ಟೋಪಿ ಮಾರುತ್ತಿದ್ದಾನೆ, ಕಿಟಕಿಯಾಚೆ ಬೀದಿಯ ಕೊನೆಯಲ್ಲಿ ದೋನ್ ಗೋಯೋ ತನ್ನ ಪಾಡಿಗೆ ಹೊಗೆ ಬಿಡುತ್ತಾ ಕೂತಿದ್ದಾನೆ, ಬೆಂಕಿ ಹೊಟ್ಟೆಯ ಬೆಟ್ಟ, ಅವನಿಗೂ ಮನುಷ್ಯರ ಹೆಸರು. ಒಳಗಿನ ಒಣದ್ರಾಕ್ಷಿ, ಪೇರು, ಮಾಂಸವನ್ನು ಒತೀಲಿಯಾ ಚಮಚದ ತುದಿಯಿಂದ ಒಂದೊಂದಾಗಿ ಬೇರೆ ಮಾಡುತ್ತಾಳೆ. ಎರ್ಲಿಂದಾ ಒಳ್ಳೆಯದನ್ನೇ ತಿನ್ನಿಸುತ್ತಿದ್ದಾಳೆ, ಅತಿ ಒಳ್ಳೆಯದನ್ನು, ಮನೆಯಲ್ಲಿದ್ದರೆ ಬೀನ್ಸು ಸಾರು ಸಾಕಿತ್ತು, ಬೀನ್ಸು ಸಾರು ಹಾಕಿ ಕೂರಿಸಿದ್ದರೆ ತಟ್ಟೆ ತೊಳೆಯುತ್ತ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಕೇಳಿಬಿಡಬಹುದಿತ್ತು, ಹೋಟೆಲಿನಲ್ಲಿ ತಟ್ಟೆ ತೊಳೆಯಲಾಗುವುದಿಲ್ಲ. ಈಗ. ಈಗ ನಗುತ್ತಿದ್ದಾಳೆ, ತುಟಿಯ ಮೇಲೆ ಬಿಳಿ ಸಾರಿನ ಮೀಸೆ, ಈಗ ಕೇಳು – ಕೊಮಾದ್ರೆ, ಯಾದಿರಾಳ ಕೋಣೆ ಈಗ. ಅಯ್ಯೋ ಆ ಕೋಣೆ ಕಥೆ ಕೇಳ್ಬೇಡಿ, ನಮ್ಮ ಯಜಮಾನ್ರು ಅದ್ರಲ್ಲಿ ಅದೆಂಥದೋ ಓಡೋ ಯಂತ್ರ ತಂದಿಟ್ಟಿದಾರೆ, ಇದ್ದಲ್ಲೇ ಓಡ್ತಾರಂತೆ, ಎರಡು ದಿನ ಓಡಿದ್ರು, ಈಗ ಅದ್ರ ಮೇಲೆ ಪ್ಯಾಂಟು ಒಣಗ್ತವೆ. ಇಬ್ಬರೂ ನಕ್ಕರು, ಒತೀಲಿಯಾ ಎರ್ಲಿಂದಾಗಿಂತ ಜೋರಾಗಿ ನಕ್ಕಳು, ನಕ್ಕದ್ದಕ್ಕೆ ಕಣ್ಣಲ್ಲಿ ನೀರು ಬಂದದ್ದು ಎಂದು ಕರವಸ್ತ್ರ ತೆಗೆದಳು. ಪಕ್ಕದ ಮೇಜಿನವರು ಎದ್ದರು, ಮೇರಿದಾ ಊರಿನ ಗಂಡ ಹೆಂಡತಿ, ಆಗಲೇ ಉಪ್ಪಿನ ಡಬ್ಬಿ ಕೇಳಿದ ನೆಪದಲ್ಲಿ ಎರ್ಲಿಂದಾಳ ಜೊತೆ ಮಾತಿಗೆ ಕೂತಿದ್ದವರು, ಹೋಗುವಾಗ ಪದ್ಧತಿಯಂತೆ ಚೆನ್ನಾಗಿ ಊಟ ಮಾಡಿ ಎಂದರು, ಎರ್ಲಿಂದಾ ಎದ್ದು ಇಬ್ಬರ ಕೈಯನ್ನೂ ಹಿಡಿದುಕೊಂಡಳು, ಮತ್ತೆ ಈ ಕಡೆ ಬಂದ್ರೆ ಹೋಟೆಲ್ಲು ಗೀಟೆಲ್ಲು ಅನ್ಬೇಡಿ, ಪ್ವೆಬ್ಲಾದಲ್ಲಿ ಒಂದು ನಿಮ್ಮ ಮನೆ ಇದೆ. ಅದೇ ಮಾತು. ಅದೇ ದನಿ, ಮನೆ ಅನ್ನುವಲ್ಲಿ ಅದೇ ಎಳೆತ, ಕೈಯ ಮೇಲೆ ಅದೇ ಎರಡು ತಟ್ಟು. ಅವರು ಖಂಡಿತ ಖಂಡಿತ ಎಂದು ಹೋದರು, ವಿಳಾಸ ಕೇಳಲಿಲ್ಲ, ಯಾರು ಕೇಳುತ್ತಾರೆ. ಗ್ರಿಂಗೋ, ಒತೀಲಿಯಾ ತನಗೆ ತಾನೇ ಅಂದುಕೊಂಡಳು, ಬಿಳಿ ರೆಪ್ಪೆಯ ದಡ್ಡಿ, ಐವತ್ತೆಂಟು ವರ್ಷ ಈ ನೆಲದ ಮೇಲೆ ಬದುಕಿ ಈ ಮಾತಿಗೆ ಪೆಟ್ಟಿಗೆ ಕಟ್ಟಿದೆಯಲ್ಲೇ. ಎರ್ಲಿಂದಾ ಸುಳ್ಳಿಯಲ್ಲ. ಮಾತು ಸುಳ್ಳಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದ ರೀತಿ ಒಂದಿದೆ, ಎಂಟು ತಿಂಗಳು ಒಬ್ಬಳೇ ಕೂತು ಅದು ಮರೆತುಹೋಯಿತು.

ಚಿನ್ನ, ಗೋಡೆಯೆಲ್ಲ ಚಿನ್ನ, ಛಾವಣಿಯೆಲ್ಲ ಚಿನ್ನ, ದೇವದೂತರ ಮೊಣಕಾಲಿಗೂ ಚಿನ್ನ, ಜಪಮಾಲೆ ತಾಯಿಯ ಗುಡಿಯಲ್ಲಿ ತಲೆಯೆತ್ತಿದರೆ ಕಣ್ಣು ಕತ್ತಲೆಗಟ್ಟುತ್ತದೆ, ಬಾವುಟ ಹಿಡಿದ ಮಾರ್ಗದರ್ಶಿಯ ಹಿಂದೆ ಒಂದು ಹಿಂಡು ಫೋನು ಎತ್ತಿಕೊಂಡು ನುಗ್ಗುತ್ತದೆ, ಎರ್ಲಿಂದಾ ಕಾಲು ನೋವೆಂದು ಬೆಂಚಿನಲ್ಲಿ ಕೂತು ಚಪ್ಪಲಿ ಸಡಿಲಿಸಿದ್ದಾಳೆ, ಕೂತಲ್ಲೇ ಕೈ ಹಿಡಿದುಕೊಂಡಿದ್ದಾಳೆ, ಬಿಸಿ ಕೈ, ಒದ್ದೆ ಕೈ, ಹೊಳೆಯಲ್ಲಿ ಹಿಡಿದ ಅದೇ ಕೈ. ಇಲ್ಲಿ ಹೇಳಬಹುದು. ಚರ್ಚಿನಲ್ಲಿ ಹೇಳಿದ್ದು ನಿಲ್ಲುತ್ತದೆ. ಲಿಂದಾ, ಒಂದು ಮಾತು ಕಣೇ, ನಾನು ನಬೋರನನ್ನ ಮದುವೆ ಆಗಿರಲಿಲ್ಲ. ಅಷ್ಟಂದರೆ ಸಾಕು ಉಳಿದದ್ದು ತಾನಾಗಿ ಉರುಳುತ್ತದೆ, ಮನೆ, ಮಗ, ಬೀಗ. ಆದರೆ ಅಷ್ಟಂದರೆ ಮೊದಲು ಉರುಳುವುದು ಬೇರೆಯೇ ಒಂದು. ದೇವತಾಯಿಯಾಗಿ ನಿಲ್ಲುವವಳು ಚರ್ಚಿನಲ್ಲಿ ಮದುವೆಯಾದವಳಿರಬೇಕು, ಪಾದ್ರಿ ಕನ್ನಡಕದ ಮೇಲಿಂದ ನೋಡಿ ನಿಮ್ಮ ಮದುವೆ ಪತ್ರ ಎಂದಿದ್ದರು, ಕೋರ್ದೋಬಾದಲ್ಲಿ ಉಳಿದುಬಿಟ್ಟಿದೆ ಪಾದ್ರಿಗಳೇ, ಮುಂದಿನ ವಾರ ತಲುಪಿಸ್ತೀನಿ ಎಂದು ನಬೋರ ಟೋಪಿ ತಿರುಗಿಸುತ್ತ ಹೇಳಿದ, ಒತೀಲಿಯಾ ಪಕ್ಕದಲ್ಲಿ ಹೌದೆಂದು ತಲೆಯಾಡಿಸಿದಳು, ಎರ್ಲಿಂದಾ ಮಗುವನ್ನು ಅವಳ ತೋಳಿಗೆ ಹಾಕುತ್ತ ಕಣ್ಣೊರೆಸಿಕೊಂಡಳು, ನಂಗೆ ತಂಗಿ ಇಲ್ಲ, ನೀನೇ, ಅಲ್ಲ, ನೀವೇ. ಆ ತಲೆಯಾಡಿಸಿದ ಸುಳ್ಳಿನ ಮೇಲೆ ಕೊಮಾದ್ರೆ ಎಂಬ ಮಾತು ನಿಂತಿದೆ, ಕೊಮಾದ್ರೆ ಎಂಬ ಮಾತಿನ ಮೇಲೆ ಕೋಣೆ ಕೇಳುವ ಹಕ್ಕು ನಿಂತಿದೆ, ಕೋಣೆ ಕೇಳಬೇಕೆಂದರೆ ಸುಳ್ಳು ಬಿಚ್ಚಬೇಕು, ಸುಳ್ಳು ಬಿಚ್ಚಿದರೆ ಕೇಳಲು ನಾನ್ಯಾರು. ಕೊಮಾದ್ರೆ, ಏನೋ ಹೇಳೋಕೆ ಬಂದ್ರಿ. ಹಾಂ, ಏನಿಲ್ಲ, ನಬೋರನ ನೆನಪು. ಗೊತ್ತಾಗ್ತದೆ ಕೊಮಾದ್ರೆ, ಎರ್ಲಿಂದಾ ಕೈ ಒತ್ತಿದಳು, ಗಂಡ ಹೋದ್ರೂ ತಲೆ ಮೇಲೆ ಸೂರು ಬಿಟ್ಟುಹೋದ್ರಲ್ಲ, ಎಷ್ಟು ಜನಕ್ಕಿದೆ ಆ ಭಾಗ್ಯ, ನಮ್ಮ ಓಣೀಲಿ ಒಬ್ಬಳಿದ್ಲು ನೋಡಿ, ಇಪ್ಪತ್ತು ವರ್ಷ ಸಂಸಾರ ಮಾಡಿ ಕೊನೆಗೆ ಹೆಂಡ್ತೀನೇ ಅಲ್ಲ ಅಂತ ಗೊತ್ತಾಯ್ತು, ಎಲ್ರ ಮುಂದೆ ಎಷ್ಟು ಜಂಬ ಇತ್ತು ಅವಳಿಗೆ, ಥೂ. ಚಿನ್ನದ ದೇವದೂತರು ಕೊಬ್ಬಿದ ಕೆನ್ನೆ ಉಬ್ಬಿಸಿಕೊಂಡು ಮೇಲಿಂದ ನೋಡುತ್ತಿದ್ದರು. ಚಿನ್ನದ ನಡುವೆ ಎಲ್ಲೋ ಒಂದು ಕಪ್ಪು ಚುಕ್ಕೆ, ಮೊಳೆ ಬಿದ್ದುಹೋದ ಜಾಗವಿರಬೇಕು, ದುಂಡಗೆ, ಒತೀಲಿಯಾ ಅದನ್ನೇ ನೋಡಿದಳು, ಅದರೊಳಗೆ ಬಿಸಿಲಿತ್ತು, ತಂತಿಯಿತ್ತು. ಥೂ ಅಂದದ್ದು ಇವಳಿಗಲ್ಲ, ಯಾರಿಗೋ, ಆದರೆ ಎಂಜಲು ಇವಳ ಮುಖದ ಮೇಲೇ ಬಿದ್ದಂತಾಯಿತು.

ಆಮೇಲೆ ಕಾಲು ನಡೆದವು, ಕಾಲಿಗೇನು, ಮಿಠಾಯಿ ಬೀದಿಯಲ್ಲಿ ಗೆಣಸಿನ ಮಿಠಾಯಿ ಬಣ್ಣಬಣ್ಣದ ಕಾಗದದಲ್ಲಿ, ಅನಾನಸಿನದು ತಗೊಳ್ಳಿ, ಸ್ಟ್ರಾಬೆರಿಯದು ತಗೊಳ್ಳಿ, ನಿಮ್ಮ ಅಕ್ಕಪಕ್ಕದವರಿಗೆ ಹಂಚೋಕೆ ಬೇಕಲ್ಲ, ಒಂದು ಡಬ್ಬಿ, ಎರಡು ಡಬ್ಬಿ, ಬೇಡ ಕೊಮಾದ್ರೆ, ಯಾಕೆ ಬೇಡ, ಬಾಯ್ಮುಚ್ಚಿಕೊಂಡು ಹಿಡ್ಕೊಳ್ಳಿ. ಯಾವ ಅಕ್ಕ, ಯಾವ ಪಕ್ಕ. ಗೋಡೆಯ ಹೆಂಚು ಚಿತ್ರಿಸುವವನ ಅಂಗಡಿಯ ಮುಂದೆ ಎರ್ಲಿಂದಾ ನಿಂತುಬಿಟ್ಟಳು, ನಿಮ್ಮ ಮನೆ ನಂಬರ್ ಎಷ್ಟು, ನಲವತ್ತೇಳು ತಾನೆ, ಬಾಗಿಲ ಪಕ್ಕ ಬರೀ ಸುಣ್ಣದಲ್ಲಿ ಬರೆದಿದೆ, ನಾನವತ್ತೇ ನೋಡಿ ಅಂದ್ಕೊಂಡಿದ್ದೆ. ಬೇಡ ಕೊಮಾದ್ರೆ, ಭಾರ. ಅಪ್ಪಾ, ನಾಲ್ಕು ಏಳು, ಸುತ್ತ ಹೂಬಳ್ಳಿ ಇರೋದು ಕೊಡಪ್ಪ. ಅಂಗಡಿಯವನು ನೀಲಿ ನಾಲ್ಕನ್ನೂ ನೀಲಿ ಏಳನ್ನೂ ಹಳೆ ಪತ್ರಿಕೆಯಲ್ಲಿ ಸುತ್ತಿದ, ಸಿಮೆಂಟ್ ಅಲ್ಲ ಸಿನ್ಯೋರಾ, ಟೈಲ್ಸ್ ಅಂಟು ಹಾಕ್ಸಿ, ನೂರು ವರ್ಷ ಬೀಳಲ್ಲ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ದೇವರು ನಿಮಗೆ ಕೊಡಲಿ ಎಂದಳು, ನಾಲಿಗೆಗೆ ಗೊತ್ತಿದ್ದದ್ದು ಅದೊಂದೇ. ಆ ಬಾಗಿಲಿನಲ್ಲಿ ಇಷ್ಟು ಹೊತ್ತಿಗೆ ಹೊಸ ಬೀಗ ಕೂತಿರಬೇಕು, ಬೀಗದವನು ಬಂದಿರಬೇಕು, ತೂತು ಮುಚ್ಚಿರಬೇಕು. ಅಥವಾ ಬಂದಿಲ್ಲವೋ, ಈ ಊರುಗಳ ಬೀಗದವರು ಈಗ ಬಂದೆ ಎಂದರೆ ಮೂರು ದಿನ. ಎಫ್ರೇನನ ಹೆಂಡತಿ ಆ ಏಪ್ರನ್ ನೋಡಿ ಏನು ಮಾಡುತ್ತಾಳೆ, ಕಟ್ಟಿಕೊಳ್ಳುತ್ತಾಳೋ, ನೆಲ ಒರೆಸುತ್ತಾಳೋ. ಬೇರೆ ದಾರಿ ಏನಾದರೂ ಇದೆಯೇ. ಅಣ್ಣ ಸತ್ತಿದ್ದಾನೆ, ಹೊಳೆಯ ದಂಡೆಯ ತವರುಮನೆ ಬಿದ್ದಿದೆ, ಬೇರೆಯವರ ಮನೆಯಲ್ಲಿ ಇದ್ದು ಕೆಲಸ ಮಾಡುತ್ತೇನೆ ಎಂದರೆ ಈ ಮೊಣಕಾಲು ನೋಡಿದವರು ಯಾರು ಇಟ್ಟುಕೊಳ್ಳುತ್ತಾರೆ. ನಿಮ್ಮ ಬಸ್ ಎಷ್ಟಕ್ಕೆ ಕೊಮಾದ್ರೆ. ಅದು, ಇನ್ನೂ ನೋಡಿಲ್ಲ. ನೋಡಿಲ್ವಾ, ಕತ್ತಲಾದ್ಮೇಲೆ ಆ ಘಾಟಿ ರಸ್ತೇಲಿ ನಾನು ಕಳಿಸಲ್ಲ ನಿಮ್ಮನ್ನ, ಐದು ಗಂಟೇದು ಹಿಡೀಬೇಕು, ನಾನೇ ಬಂದು ಹತ್ತಿಸ್ತೀನಿ. ಪರವಾಗಿಲ್ಲ ಕೊಮಾದ್ರೆ, ನಾನೊಬ್ಬಳೇ ಹೋಗ್ತೀನಿ, ನಿಮ್ಗೆ ಕಾಲು ನೋವು. ಏನ್ ಮಾತು ಅಂತ ಆಡ್ತೀರಿ, ದೇವತಾಯಿಯನ್ನ ಬೀದೀಲಿ ಬಿಟ್ಟು ಹೋಗ್ತೀನಾ ನಾನು.

ಟ್ಯಾಕ್ಸಿ, ದೀಪ, ಕೆಂಪು ದೀಪ, ಬಿಡಪ್ಪ ಬೇಗ, ನಿಲ್ದಾಣದ ದೊಡ್ಡ ಸೂರು, ಧ್ವನಿವರ್ಧಕದಲ್ಲಿ ಊರುಗಳ ಹೆಸರು, ಎಡಗಡೆ ಸಾಮಾನು ಕೋಣೆ, ಕಂಬಿಯ ಹಿಂದೆ ಕಪಾಟು, ಕಪಾಟಿನ ಕೆಳಗಿನ ಸಾಲಿನಲ್ಲಿ ಕಂದು ಪೆಟ್ಟಿಗೆ, ಹಗ್ಗ, ಇಲ್ಲಿಂದಲೇ ಕಾಣುತ್ತಿದೆ, ಆ ಹಗ್ಗವನ್ನು ಗುರುತಿಸದೆ ಇರಲು ಸಾಧ್ಯವಿಲ್ಲ, ಎರ್ಲಿಂದಾ ತೋಳು ಹಿಡಿದು ಅದರ ಮುಂದಿನಿಂದಲೇ ನಡೆಸಿಕೊಂಡು ಹೋಗುತ್ತಿದ್ದಾಳೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಿಲ್ಲಿ ಕೊಮಾದ್ರೆ ಅದು ನನ್ನ ಪೆಟ್ಟಿಗೆ ಎನ್ನಬೇಕು, ಎನ್ನುತ್ತೇನೆ, ಈ ಕಂಬ ದಾಟಿದ ಮೇಲೆ, ಕಂಬ ದಾಟಿತು. ಟಿಕೆಟ್ಟನ್ನೂ ಅವಳೇ ತೆಗೆಸಿದಳು, ಕಿಟಕಿ ಪಕ್ಕದ್ದೇ ಕೊಡಿ, ನಮ್ಮ ಕೊಮಾದ್ರೆಗೆ ಹೊಟ್ಟೆ ತೊಳಸ್ತದೆ, ನೆನಪಿಟ್ಟುಕೊಂಡಿದ್ದಾಳೆ, ಹದಿನಾಲ್ಕನೇ ವಯಸ್ಸಿನಲ್ಲಿ ವಾಂತಿಯಾದದ್ದನ್ನು ನೆನಪಿಟ್ಟುಕೊಂಡಿದ್ದಾಳೆ, ಇಷ್ಟು ಪ್ರೀತಿ ಇರುವಲ್ಲಿ ಒಂದು ಮಂಚಕ್ಕೆ ಜಾಗ ಇಲ್ಲವೇ ಎಂದರೆ ಇದೆ, ಇದ್ದೇ ಇದೆ, ಬಾಯಿ ಬಿಡಬೇಕು ಅಷ್ಟೇ, ಬಾಯಿ ಬಿಟ್ಟರೆ ಈ ಪ್ರೀತಿ ಇರುವುದಿಲ್ಲ ಅಷ್ಟೇ. ತಬ್ಬಿಕೊಂಡಳು. ಎಣ್ಣೆ, ಸೆಂಟು, ಅಕ್ರೋಡು. ಎದೆಯ ಮೇಲಿನ ಚೀಟಿ ಇಬ್ಬರ ನಡುವೆ ಒತ್ತಿತು, ಅವಳಿಗೆ ಗೊತ್ತಾಗಲಿಲ್ಲ. ಮನೆ ತಲುಪಿದ ಕೂಡ್ಲೆ ಒಂದು ಮೆಸೇಜು ಹಾಕಿ, ನಾನು ಮಲಗಲ್ಲ ಅಲ್ಲಿ ತನಕ, ಮತ್ತೆ ಮರೀಬೇಡಿ ಕೊಮಾದ್ರೆ, ಪ್ವೆಬ್ಲಾದಲ್ಲಿ. ಗೊತ್ತು ಕೊಮಾದ್ರೆ, ಮರೆಯಲ್ಲ. ಮೆಟ್ಟಿಲು, ಸೀಟು, ಮಡಿಲಲ್ಲಿ ಮಿಠಾಯಿ ಡಬ್ಬಿ, ಡಬ್ಬಿಯ ಮೇಲೆ ಪತ್ರಿಕೆಯ ಗಂಟು, ಬಾಗಿಲು ಉಸ್ಸೆಂದು ಮುಚ್ಚಿಕೊಂಡಿತು, ಯಂತ್ರದ ಗುರುಗುರು ಬೆನ್ನೆಲುಬಿಗೆ ಹತ್ತಿತು. ಗಾಜಿನಾಚೆ ಎರ್ಲಿಂದಾ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತಿದ್ದಾಳೆ, ಹುಡುಗಿಯ ಹಾಗೆ, ಆ ಬರಿಗಾಲು ನೋಡಿದ ಕೂಡಲೇ ಒತೀಲಿಯಾಳ ಬಾಯಿ ತಾನಾಗಿ ತೆರೆಯಿತು – ಲಿಂದಾ, ನಂಗೆ ಮನೆ ಇಲ್ಲ ಕಣೇ, ಇಳಿಸ್ಕೊಳ್ಳೇ ನನ್ನ. ಗಟ್ಟಿಯಾಗಿಯೇ ಹೇಳಿದಳು, ಮುಂದಿನ ಸೀಟಿನವನು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಗಾಜು ದಪ್ಪ, ಎ.ಸಿ. ಬಸ್ಸು. ಎರ್ಲಿಂದಾ ಅವಳ ತುಟಿ ಅಲುಗುವುದನ್ನು ನೋಡಿದಳು, ಕಿವಿಗೆ ಕೈಯಿಟ್ಟಳು, ನಕ್ಕಳು, ಹೂಂ ಹೂಂ ಎಂದು ಜೋರಾಗಿ ತಲೆಯಾಡಿಸಿದಳು, ಕೈಯನ್ನು ಬಾಯಿಗೆ ತಾಗಿಸಿ ಮುತ್ತು ತೂರಿದಳು. ಬಸ್ಸು ಹಿಂದೆ ಸರಿದು, ತಿರುಗಿ, ಸೂರಿನಿಂದ ಬಿಸಿಲಿಗೆ ಬಂತು. ತೆವಾಕಾನಿಗೆ ಎರಡು ಗಂಟೆ. ಇಳಿದು ಬಲಕ್ಕೆ ತಿರುಗಿ ಮೂರು ಓಣಿ, ಕಾಲಿಗೆ ದಾರಿ ಗೊತ್ತು, ಕಾಲು ಹೋಗಿ ನಿಲ್ಲುವುದು ಅಲ್ಲೇ, ನೀಲಿ ಬಾಗಿಲು, ಬೀಗದವನು ಬಂದಿರದಿದ್ದರೆ, ಬರುವುದಿಲ್ಲ ಅವನು, ಬಂದಿರುತ್ತಾನೆ, ಬಂದಿರದಿದ್ದರೆ ಬಗ್ಗಿ ಒಂದು ಕಣ್ಣಿಟ್ಟು ನೋಡಬಹುದು, ತೂತು, ದುಂಡನೆ ತೂತು, ತೂತಿನೊಳಗೆ ತಂತಿ, ತಂತಿಯ ಮೇಲೆ ಏಪ್ರನ್, ಒಣಗಿ ಗರಿಗರಿಯಾಗಿ, ಏಪ್ರನ್, ತಂತಿ, ತೂತು